ಗುಡ್ಡ ಹತ್ತಿದ ಸುಣ್ಣದ ಬಂಡೆ

ಒಂದು ಕಲ್ಲುಗುಡ್ಡ. ಅದರ ಬುಡದಲ್ಲಿ ಒಂದು ಊರು. ಗುಡ್ಡದ ತುಂಬ ಆನೆಯಂಥ ಬಂಡೆಗಳು, ಬಂಡೆಗಳ ಸಂದಿನಲ್ಲಿ ಸೀತಾಫಲದ ಗಿಡಗಳು. ಅವನ್ನು ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಮೇಲಿನ ಗವಿಗಳಲ್ಲಿ ಕರಡಿಗಳಿದ್ದವು.

ಮಕ್ಕಳೇ, ನೀವು ಸೀತಾಫಲವನ್ನು ಅಂಗಡಿಯಲ್ಲಿ ಕಂಡವರು. ನಾನು ಹುಟ್ಟಿದ ಕಡೆ ಅದು ಗುಡ್ಡದಲ್ಲಿ ಬಿಡುತ್ತಿತ್ತು. ಅದನ್ನು ಕೀಳಲು ಒಂದು ಕಟ್ಟಳೆ ಇತ್ತು. ಗುಡ್ಡದ ನಡುವಿನ ಒಂದು ಬಂಡೆಗೆ ಹಣ್ಣಿನ ಕಾಲದ ಮೊದಲ ದಿನ ಊರ ಪೂಜಾರಿ ಸುಣ್ಣ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆಯುತ್ತಿದ್ದ. ಆ ಬಂಡೆಯ ಕೆಳಗಿನ ಹಣ್ಣು ಊರಿನದು. ಮೇಲಿನದು ಕರಡಿಯದು. ಸುಣ್ಣ ದಾಟಿ ಕೈ ಚಾಚಿದವರ ಬುಟ್ಟಿಯನ್ನು ಜೊತೆಗಿದ್ದವರೇ ಬೋರಲು ಹಾಕುತ್ತಿದ್ದರು. ಕರಡಿ ಮೇಲೆ ತಿಂದು ಮೇಲೆಯೇ ಇರುತ್ತಿತ್ತು. ಕೆಳಗಿನ ಹೊಲಗಳಲ್ಲಿ ಶೇಂಗಾ ನಿಶ್ಚಿಂತೆಯಿಂದ ಬಲಿಯುತ್ತಿತ್ತು.

ಒಂದು ವರ್ಷ ಪೇಟೆಯಿಂದ ಟೆಂಪೋ ಬಂತು. ಎಷ್ಟು ಬುಟ್ಟಿ ತಂದರೂ ಬೇಕು ಎಂದಿತು.

ಮರುವರ್ಷ ಪೂಜಾರಿ ಹೊನ್ನಪ್ಪ ಸುಣ್ಣದ ಗಡಿಗೆ ಹಿಡಿದು ಹೊರಟಾಗ ಊರ ಹಿರಿಯ ಗಾಳೆಪ್ಪ ಜೊತೆಗೆ ಬಂದು, ಬಂಡೆಯ ಮುಂದೆ ನಿಂತು ಹೇಳಿದ:

"ಹೊನ್ನಪ್ಪ, ಈ ಬಂಡಿ ಬಿರುಕು ಬಿಟ್ಟೈತಲ್ಲೋ. ಬಿರುಕು ಬಿಟ್ಟದ್ದಕ್ಕ ಪೂಜಿ ಮಾಡಬಾರದು."

"ಮತ್ತ ಎಲ್ಲಿಗೆ ಬಳೀಲಿ, ಗೌಡ?"

"ಅಗೋ, ಮ್ಯಾಲೊಂದು ಚೊಲೋದು ಐತಿ ನೋಡು."

ಹೊನ್ನಪ್ಪ ಅದಕ್ಕೆ ಬಳಿದ, ಕುಂಕುಮ ಇಟ್ಟ, ಕಾಯಿ ಒಡೆದ. ಅದರ ಮುಂದಿನ ವರ್ಷ ಕೆಳಗಿನ ಓಣಿಯ ಪಂಪಣ್ಣ ತಕರಾರು ತೆಗೆದ. "ಆ ಬಂಡಿ ಮೇಲಿನ ಓಣಿಯವರಿಗೆ ಅನುಕೂಲ ಆಗೈತಿ. ನಮ್ಮ ಮಗ್ಗಲ ಹಣ್ಣೆಲ್ಲ ಆಚಿ ಉಳೀತಾವ" ಎಂದ. ನ್ಯಾಯವಾದ ಮಾತು ಎಂದರು ಎಲ್ಲರೂ. ಬಂಡೆ ಇನ್ನೂ ಮೇಲೆ ಹೋಯಿತು. ಹೀಗೆ ವರ್ಷಕ್ಕೊಂದು ಕಾರಣ ಹುಟ್ಟಿತು. ಒಮ್ಮೆ ಹಾವಿನ ಹುತ್ತ, ಒಮ್ಮೆ ಹತ್ತುವವರಿಗೆ ನೆರಳಿಲ್ಲದ್ದು. ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ. ಸುಣ್ಣ ತಪ್ಪಲಿಲ್ಲ, ಕಾಯಿ ತಪ್ಪಲಿಲ್ಲ. ಸುಣ್ಣ ದಾಟಿ ಒಬ್ಬರೂ ಒಂದು ಹಣ್ಣು ಕೀಳಲಿಲ್ಲ. ಕೊನೆಗೆ ಒಂದು ವರ್ಷ ಹೊನ್ನಪ್ಪ ಏದುಸಿರು ಬಿಡುತ್ತ ಗುಡ್ಡದ ನೆತ್ತಿಯ ಬಂಡೆಗೆ ಸುಣ್ಣ ಬಳಿದು ಇಳಿದ. ಅದರ ಮೇಲೆ ಆಕಾಶ ಮಾತ್ರ ಇತ್ತು. ಅಷ್ಟು ಕರಡಿಯ ಪಾಲಿಗೆ ಬಿಟ್ಟರು.

ಆ ವರ್ಷ ಕರಡಿ ಕೆಳಗೆ ಬಂತು.

ಗುಡ್ಡಕ್ಕೆ ಅಂಟಿಕೊಂಡ ಮೊದಲ ಹೊಲ ದುರುಗವ್ವನದು. ಗಂಡ ಸತ್ತವಳು. ಆ ತುಂಡು ಹೊಲ, ಕೆಂದಿ ಎಂಬ ಒಂದು ಹಾಲು ಕೊಡುವ ಆಕಳು, ಇಷ್ಟೇ ಅವಳ ಬದುಕು. ಹಣ್ಣಿಗೆ ಅವಳೂ ಹೋಗುತ್ತಿದ್ದಳು, ಆದರೆ ಹಳೆಯ ಬಂಡೆಯ ಹತ್ತಿರವೇ ನಿಂತುಬಿಡುತ್ತಿದ್ದಳು. "ಯಾಕವ್ವಾ, ಮಂಡಿನೋವೇನು?" ಎಂದು ಮೇಲಿನಿಂದ ಹೆಂಗಸರು ನಗುತ್ತಿದ್ದರು. ಹೌದು ಎಂದುಬಿಡುತ್ತಿದ್ದಳು. ಈಗ ಕರಡಿ ಅವಳ ಶೇಂಗಾವನ್ನೇ ಮೊದಲು ಅಗೆಯಿತು. ಅವಳು ಹೊಲದಲ್ಲಿ ಅಟ್ಟಣೆ ಕಟ್ಟಿ, ಕೆಂದಿಯನ್ನು ಅದರ ಕಾಲಿಗೆ ಬಿಗಿದು, ಡಬ್ಬಿ ಬಡಿಯುತ್ತ ಕಾವಲು ಕೂತಳು. ಅಲ್ಲಿ ತಿಂದು ಸಾಲದ ಕರಡಿ ಗಾಳೆಪ್ಪನ ಮೆಕ್ಕೆಜೋಳಕ್ಕೂ ಪಂಪಣ್ಣನ ಕಲ್ಲಂಗಡಿಗೂ ನುಗ್ಗಿತು. ಆಗ ಊರು ಬೇವಿನ ಕಟ್ಟೆಯಲ್ಲಿ ಸೇರಿತು.

"ಮದ್ದುಂಡಿ ಇಟ್ಟು ಮುಗಿಸೋದ" ಎಂದ ಗಾಳೆಪ್ಪ. "ಬೆಲ್ಲದಾಗ ಸುತ್ತಿ ಇಟ್ಟರ ಬಾಯಾಗ ಸಿಡೀತೈತಿ. ಒಂದಕ್ಕ ಕೆಲಸ ಮುಗೀತು."

"ಕೇಸ್ ಆಗತೈತಿ ಮಾವ, ಜೈಲಿಗೆ ಬುತ್ತಿ ಯಾರು ತರತಾರ?" ಎಂದ ಪಂಪಣ್ಣ. "ಬೋನಿಟ್ಟು ಹಿಡಿದು ಬ್ಯಾರೆ ಗುಡ್ಡಕ್ಕ ಬಿಡಸೋಣ."

ಕರೆಸಿದ್ದ ಅರಣ್ಯದ ಗಾರ್ಡ್ ತಲೆ ಕೆರೆದುಕೊಂಡ. "ಆಚೆ ಗುಡ್ಡದ ಊರಿನವರು ತಮ್ಮ ಕರಡಿ ತಂದು ಇಲ್ಲಿ ಬಿಡ್ರಿ ಅಂತ ಬೆನ್ನು ಹತ್ಯಾರ. ನೀವು ನೀವು ಅದಲಿ ಬದಲಿ ಮಾಡಿಕೊಳ್ಳತೀರೇನು?"

ಎಲ್ಲರೂ ನಕ್ಕರು. ಹೊನ್ನಪ್ಪ ಮಾತ್ರ ನಗಲಿಲ್ಲ. "ಅದು ಜಾಂಬವಂತನ ಕುಲ. ಮುಟ್ಟಿದರ ಊರಿಗೆ ಒಳ್ಳೇದಲ್ಲ" ಎಂದ.

"ಹಂಗಾರ ನಿನ್ನ ಮನಿಗೆ ಕರಕೊಂಡು ಹೋಗಿ ಪೂಜಿ ಮಾಡು, ಹೊಟ್ಟಿತುಂಬ ನೈವೇದ್ಯ ಹಾಕು!" ಎಂದು ಯಾರೋ ಕೂಗಿದರು.

ಮಾತಿಗೆ ಮಾತು ಬೆಳೆಯಿತು. ಕೊಲ್ಲು ಎನ್ನುವವರು ಒಂದು ಕಡೆ, ಹಿಡಿ ಎನ್ನುವವರು ಒಂದು ಕಡೆ, ಮುಟ್ಟಬೇಡಿ ಎನ್ನುವವರು ಒಂದು ಕಡೆ. ಅಣ್ಣ ತಮ್ಮಂದಿರು ಮಾತು ಬಿಟ್ಟರು. ಆಗ ಹೆಂಗಸರ ಸಾಲಿನಿಂದ ದುರುಗವ್ವ ಎದ್ದು ನಿಂತಳು.

"ಯಪ್ಪಾ, ಸುಣ್ಣಾನ ಹಳೇ ಬಂಡಿಗೆ ಇಳಸ್ರಿ. ಅದರ ಪಾಲು ಅದಕ್ಕ ಸಿಕ್ಕರ ಅದು ಯಾಕ ಬರತೈತಿ?"

ಗಾಳೆಪ್ಪ ವೀಳ್ಯದೆಲೆಯ ತೊಟ್ಟು ಮುರಿದು ಬಾಯಿಗೆ ಹಾಕಿಕೊಂಡ.

"ನಿನ್ನ ಹೊಲ ಗುಡ್ಡದ ಬಾಯಾಗ ಐತಿ, ಅದಕ್ಕ ಹಂಗಂತಿ. ಈಗಿನ ಬಂಡಿಗೆ ಪೂಜಿ ಆಗೈತಿ, ಕಾಯಿ ಒಡದೈತಿ. ಪೂಜಿ ಆದದ್ದನ್ನ ಕೆಳಗ ಇಳಸೂದು ಎಲ್ಲ್ಯಾರ ಉಂಟೇನು? ಏನಂತಿ ಪಂಪಣ್ಣ?"

"ಅದು ಖರೇ ಮಾವ" ಎಂದ ಪಂಪಣ್ಣ. ಆ ಸಭೆಯಲ್ಲಿ ಅವರಿಬ್ಬರೂ ಒಪ್ಪಿದ್ದು ಆ ಒಂದು ಮಾತಿಗೆ. ಹೊನ್ನಪ್ಪ ನೆಲ ನೋಡುತ್ತ ಕೂತ. ಒಡೆದ ಕಾಯಿ ಅವನ ಮನೆಗೇ ಹೋಗುತ್ತಿತ್ತು.

ಬೋನು ಬರಲಿಲ್ಲ. ಗಾರ್ಡ್ ಮೇಲಿನವರಿಗೆ ಬರೆಯುತ್ತೇನೆ ಎಂದು ಹೋದ. ಗಾಳೆಪ್ಪನ ಕಡೆಯವರು ಕಾಯಲಿಲ್ಲ. ಕರಡಿ ಇಳಿಯುವ ದಾರಿ ದುರುಗವ್ವನ ಬದು. ಅಲ್ಲಿಯೇ ಮದ್ದುಂಡೆ ಇಡುವುದೆಂದಾಯಿತು. ಹೊಲದ ಒಡತಿಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದನ ಹುಷಾರು ಎಂದು ಓಣಿಯಲ್ಲಿ ಕೂಗಿ ಹೇಳಿದಾಗ ಅವಳು ಹೊಲದಲ್ಲಿದ್ದಳು. ಸಂಜೆ ಅವರು ಬದುವಿಗೆ ಹೋದಾಗ ಅವಳು ಮನೆಯಲ್ಲಿ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು.

ಬೆಳಗಾಯಿತು. ಕರಡಿ ಆ ರಾತ್ರಿ ಬಂದಿರಲಿಲ್ಲ. ದುರುಗವ್ವನಿಗೆ ಸಂತೋಷವಾಯಿತು. ಅಟ್ಟಣೆಯಿಂದ ಇಳಿದು, ಕೆಂದಿಯ ಕೊರಳು ತುರಿಸಿ, ಹಗ್ಗ ಬಿಚ್ಚಿ ಬದುವಿನ ಹುಲ್ಲಿಗೆ ಬಿಟ್ಟಳು. ಹುಲ್ಲಿನಲ್ಲಿ ಬೆಲ್ಲದ ವಾಸನೆ ಇತ್ತು.

ಸದ್ದು ಕೇಳಿ ಊರೇ ಓಡಿ ಬಂತು. ಕೆಂದಿ ನಿಂತೇ ಇತ್ತು. ಅದರ ಕೆಳದವಡೆ ಇರಲಿಲ್ಲ. ದುರುಗವ್ವ ತಂಬಿಗೆಯ ನೀರನ್ನು ಅದಕ್ಕೆ ಕುಡಿಸಲು ನೋಡುತ್ತಿದ್ದಳು. ನೀರೆಲ್ಲ ಅವಳ ಸೀರೆಯ ಮೇಲೆ ಕೆಂಪಾಗಿ ಬೀಳುತ್ತಿತ್ತು. ದನದ ಡಾಕ್ಟರು ಬಂದು ನೋಡಿ, ಉಳಿಯುವುದಿಲ್ಲ ಎಂದರು. ಸೂಜಿ ಚುಚ್ಚಿ ಅದರ ನೋವು ಮುಗಿಸಿದರು.

ಗಾಳೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆಕಳಿಗೆ ಏನು ಗೊತ್ತಾಗಬೇಕವ್ವಾ, ಮೂಕ ಪ್ರಾಣಿ. ಎಲ್ಲಾ ಆ ದರಿದ್ರ ಕರಡಿಯಿಂದ ಆತು."

ದುರುಗವ್ವ ಕೆಂದಿಯ ಹಗ್ಗವನ್ನು ಮಡಚುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಆಕಳಿಗೆ ಗೊತ್ತಿರಲಿಲ್ಲ ಯಪ್ಪಾ. ಕರಡಿಗೂ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು."

ಆದರೆ ಊರಲ್ಲಿ ಮಾತು ನಿಂತದ್ದು ಗಾಳೆಪ್ಪ ಹೇಳಿದ ಹಾಗೆಯೇ. ದುರುಗವ್ವನ ಆಕಳು ಹೇಗೆ ಸತ್ತಿತು ಎಂದು ಬೀಗರು ಬಂದು ಕೇಳಿದರೆ, ಕರಡಿಯ ಕಾಟ ಎನ್ನುತ್ತಿದ್ದರು.

ಮುಂದಿನ ವರ್ಷ ಹಣ್ಣಿನ ಕಾಲಕ್ಕೆ ಮುಂಚೆ ದುರುಗವ್ವ ಒಬ್ಬಳೇ ಗುಡ್ಡ ಹತ್ತಿದಳು. ಗಡಿಗೆಯಲ್ಲಿ ಸುಣ್ಣ ಕಲಸಿಕೊಂಡು ಹೋಗಿ, ನಡುವಿನ ಹಳೆಯ ಬಂಡೆಗೆ ತನ್ನ ಕೈಯಿಂದಲೇ ಬಳಿದು ಬಂದಳು. ಕಾಯಿ ಒಡೆಯಲಿಲ್ಲ. ಮೊದಲ ದಿನ ಬುಟ್ಟಿ ಹೊತ್ತು ಬಂದ ಜನ ಆ ಬಿಳಿ ಬಂಡೆಯನ್ನು ಕಂಡು ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸೊಬ್ಬಳು ಬುಟ್ಟಿಯನ್ನು ಕೆಳಗಿಟ್ಟಳು ಕೂಡ.

ಆಗ ಗಾಳೆಪ್ಪ ಹೇಳಿದ: "ಏನ್ ನೋಡ್ತಿ ಹೊನ್ನಪ್ಪ? ಹಳೇ ದೇವರು, ತಪ್ಪಿಸಬಾರದು. ಇದಕ್ಕೂ ಒಂದು ಕಾಯಿ ಒಡಿ."

ಹೊನ್ನಪ್ಪ ಕಾಯಿ ಒಡೆದ. ಎಲ್ಲರೂ ಭಕ್ತಿಯಿಂದ ಕೈಮುಗಿದರು. ಆಮೇಲೆ ಬಂಡೆಯ ಪಕ್ಕದಿಂದ ಹಾದು ಮೇಲೆ ಹತ್ತಿದರು. ಬುಟ್ಟಿ ಕೆಳಗಿಟ್ಟವಳೂ ಅದನ್ನು ಎತ್ತಿಕೊಂಡು ಹಿಂದೆಯೇ ಹೋದಳು.

ಈಗ ಆ ಊರಲ್ಲಿ ವರ್ಷಕ್ಕೆ ಎರಡು ಬಂಡೆಗೆ ಪೂಜೆ. ಕರಡಿಯನ್ನು ಏನು ಮಾಡಬೇಕೆಂಬ ಜಗಳ ಇನ್ನೂ ನಡೆದೇ ಇದೆ.

ನೀತಿ: ಎಲ್ಲೆಗೆ ಕೈಮುಗಿಯುವುದು ಸುಲಭ, ಎಲ್ಲೆಯಲ್ಲಿ ನಿಲ್ಲುವುದು ಕಷ್ಟ. ಇನ್ನೊಬ್ಬರ ಪಾಲು ತಿಂದವರೇ ಪಂಚಾಯಿತಿಗೆ ಕೂತರೆ, ಹಸಿದವನು ಕಳ್ಳನಾಗುತ್ತಾನೆ, ತಿನ್ನದೇ ಇದ್ದವರು ದಂಡ ತೆರುತ್ತಾರೆ.