ವೆಲಿಬೋರ್ ಬಾರಿಸದೆ ಬಿಟ್ಟ ತಾಳ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಮಾತ್ರ ಕೇಳಬೇಡಿ, ಸರ್ಬಿಯಾ ದೇಶದ ಒಂದು ಹೊಳೆದಂಡೆಯ ಊರಿನಲ್ಲಿ ವೆಲಿಬೋರ್ ಎಂಬವನಿದ್ದನಂತೆ. ಪ್ಲಮ್ ಹಣ್ಣಿನ ಸಾರಾಯಿ ತುಂಬುವ ಮರದ ಪೀಪಾಯಿ ಮಾಡುವುದು ಅವನ ಕಸುಬು. ಬಡಿದೂ ಬಡಿದೂ ಕೈಗೆ ತಾಳ ಹತ್ತಿತಂತೆ. ಅವನ ಬಡಿತಕ್ಕೆ ಹೊಳೆಯಾಚೆಯ ಕುರಿಗಳು ಹೆಜ್ಜೆ ಹಾಕುತ್ತಿದ್ದವು ಅನ್ನುತ್ತಾರೆ. ಕುರಿಗಳ ವಿಷಯ ಬಿಡಿ, ಹೇಳುವವರ ಬಾಯಿಗೆ ಬೀಗವಿಲ್ಲ. ತಾಳದ ಮಾತು ಮಾತ್ರ ನಿಜ.

ಅವನ ಬಾಲ್ಯದ ಗೆಳೆಯ ಮಿಲಾದಿನ್ ಹಾಡುಗಾರ. ವೆಲಿಬೋರ್ ಡ್ರಮ್ಮಿಗೆ ಕೂತ. ಗಿಟಾರಿಗೆ ಇನ್ನಿಬ್ಬರನ್ನು ಸೇರಿಸಿಕೊಂಡು ರಾಕ್ ತಂಡ ಕಟ್ಟಿದರಂತೆ. ಹಾಡು ಕಟ್ಟಿದರು, ಹತ್ತೂರು ಸುತ್ತಿದರು, ಕೊನೆಗೆ ಆಲ್ಬಂ ಮಾಡಲು ಪಟ್ಟಣದ ಸ್ಟುಡಿಯೋಗೆ ಹೋದರು. ಸಿಕ್ಕಿದ್ದು ಮೂರೇ ದಿನ. ಮೂರನೆಯ ದಿನದ ಕೊನೆಯ ಹಾಡು ನಡೆಯುವಾಗ ಮುಂದಿನ ತಂಡದವರು ಬಾಗಿಲಲ್ಲೇ ಕಾಯುತ್ತಿದ್ದರು. ಸೆಕೆಯೆಂದು ಯಾರೋ ಕಿಟಕಿ ತೆರೆದಿದ್ದರು. ಹಾಡು ಅರ್ಧಕ್ಕೆ ಬಂದಾಗ ದೂರದ ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಯಿತು.

ವೆಲಿಬೋರನ ಊರಿನಲ್ಲಿ ಒಂದು ಪದ್ಧತಿ. ಸಾವಿನ ಗಂಟೆ ಆಗುವಾಗ ಯಾರೂ ಏನನ್ನೂ ಬಡಿಯುವುದಿಲ್ಲ, ಕಮ್ಮಾರನ ಸುತ್ತಿಗೆಯೂ ನಿಲ್ಲುತ್ತದೆ. ಅವನ ಕೈ ತಾನಾಗಿಯೇ ನಿಂತಿತು. ತಾಳ ನಿಂತದ್ದಕ್ಕೆ ಗಿಟಾರುಗಳು ನಿಂತವು, ಮಿಲಾದಿನನ ದನಿಯೂ ನಿಂತಿತು. ಗಂಟೆ ಒಂಬತ್ತು ಸಲ ಹೊಡೆಯಿತಂತೆ. ನಲವತ್ತು ಎನ್ನುವವರೂ ಇದ್ದಾರೆ. ಆಮೇಲೆ ವೆಲಿಬೋರ್ ಮತ್ತೆ ಬಾರಿಸಿದ, ಉಳಿದವರು ರೂಢಿಯಿಂದ ಸೇರಿಕೊಂಡರು.

ಮಿಲಾದಿನನೂ ಅದೇ ಊರಿನವನು, ಆದರೆ ಅವನಿಗೆ ಪಟ್ಟಣದ ಗಾಳಿ ತಗುಲಿತ್ತು. ಕೆಂಡವಾದ.

"ಯಾರು ಸತ್ತರೆ ನಮಗೇನೋ?" ಎಂದ.

"ಯಾರ ಮನೆಯವರೋ ಏನೋ. ಗಂಟೆ ಆಗ್ತಿರುವಾಗ ನಾನು ಹೇಗೆ ಬಾರಿಸ್ಲಿ?" ಎಂದ ವೆಲಿಬೋರ್.

ಮತ್ತೆ ಹಾಡಲು ಹೊತ್ತಿಲ್ಲ, ಟೇಪು ಕತ್ತರಿಸಿ ಅಂಟಿಸಿದರೆ ತಾಳ ಎಡವುತ್ತದೆ ಎಂದು ಸ್ಟುಡಿಯೋದವರು ಆ ಮೌನವನ್ನು ಹಾಗೆಯೇ ಬಿಟ್ಟರಂತೆ. ಆಲ್ಬಂ ಹೊರಬಂತು. ಕೊಂಡವರು ಗ್ರಾಮಫೋನಿನ ಸೂಜಿ ಕೆಟ್ಟಿದೆಯೆಂದು ಸೂಜಿ ಬದಲಿಸಿದರು, ಆಮೇಲೆ ರೆಕಾರ್ಡೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಿದರು. ಪತ್ರಿಕೆಯವರು ಡ್ರಮ್ಮಿನವನಿಗೆ ನಿದ್ದೆ ಹತ್ತಿತ್ತು ಎಂದು ಬರೆದರು. ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಮಿಲಾದಿನ್ ಅವನನ್ನು ತಂಡದಿಂದ ತೆಗೆದ.

ವೆಲಿಬೋರ್ ಪೀಪಾಯಿಗೆ ಮರಳಿದ. ಆ ವರ್ಷ ಅವನು ಮಾಡಿದ ಪೀಪಾಯಿಗಳೆಲ್ಲ ಸೋರಿದವಂತೆ. ಡ್ರಮ್ಮು ಹೋದದ್ದಕ್ಕಿಂತ ಗೆಳೆಯ ಹೋದದ್ದೇ ಅವನಿಗೆ ಹೆಚ್ಚು ನೋವಾಗಿತ್ತು. ತಾನು ಮಾಡಿದ್ದು ತಪ್ಪೇ ಇರಬಹುದು ಎಂದು ಅವನಿಗೇ ಅನ್ನಿಸತೊಡಗಿತು.

ಹೀಗಿರುವಾಗ ಸ್ತಾಮೆಂಕಾ ಎಂಬ ಮುದುಕಿ ಮೂರು ಊರು ದಾಟಿ, ರೊಟ್ಟಿಯ ಗಂಟು ಹಿಡಿದು, ಅವನ ಬಾಗಿಲಿಗೆ ಬಂದಳಂತೆ. ಅವಳ ಮಗ ಹೊಳೆಯ ಪಾಲಾಗಿದ್ದ. ಹೆಣ ಸಿಗಲಿಲ್ಲ, ಹೆಣ ಸಿಗದವನಿಗೆ ಯಾರೂ ಗಂಟೆ ಹೊಡೆಯಲಿಲ್ಲ. ಮಗಳ ಮನೆಯಲ್ಲಿ ಆ ರೆಕಾರ್ಡು ಹಾಕಿದಾಗ, ಹಾಡು ನಿಂತ ಜಾಗದಲ್ಲಿ ಅವಳಿಗೆ ದೂರದ ಗಂಟೆ ಕೇಳಿಸಿತ್ತು. ಅಲ್ಲಿಯವರೆಗೆ ಬೇರೆ ಯಾರಿಗೂ ಕೇಳಿಸಿರಲಿಲ್ಲ. ಅದು ಯಾರಿಗಾಗಿ ಹೊಡೆದದ್ದು ಎಂದು ಕೇಳಿದಳು. ಗೊತ್ತಿಲ್ಲವಮ್ಮಾ ಎಂದ ವೆಲಿಬೋರ್.

"ಹಾಗಾದರೆ ನನ್ನ ಮಗನಿಗೇ ಇರಲಿ ಕಣಪ್ಪಾ," ಎಂದಳಂತೆ.

ವೆಲಿಬೋರ್ ಸುತ್ತಿಗೆ ಕೆಳಗಿಟ್ಟು ಅತ್ತ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹಿಂದಿರುಗಿಸಿದವರೇ ಅದೇ ರೆಕಾರ್ಡು ಬೇಕೆಂದು ಅಂಗಡಿ ಅಂಗಡಿ ಅಲೆದರಂತೆ. ಮಿಲಾದಿನನೂ ಒಂದು ದಿನ ಬಂದ. ಕ್ಷಮೆ ಕೇಳುವ ಬಾಯಿ ಅವನದಲ್ಲ. ಪೀಪಾಯಿಗೆ ತೊಡಿಸುವ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ, ವೆಲಿಬೋರ್ ಬಡಿದ. ಆ ಪೀಪಾಯಿ ಇವತ್ತಿಗೂ ಸೋರಿಲ್ಲವಂತೆ.

ಈಗಲೂ ಆ ಸೀಮೆಯ ಮದುವೆಗಳಲ್ಲಿ ಕೊನೆಗೆ ಆ ಹಾಡು ಹಾಕುತ್ತಾರೆ. ಕೈ ಕೈ ಹಿಡಿದು ಕುಣಿಯುವವರು ಆ ಜಾಗ ಬಂದೊಡನೆ ನಿಲ್ಲುತ್ತಾರೆ. ಸಾರಾಯಿ ಲೋಟ ಎತ್ತಿಕೊಂಡು ನಾಲ್ಕು ಹನಿ ನೆಲಕ್ಕೆ ಚೆಲ್ಲಿ, ತಮ್ಮ ಮನೆಯಲ್ಲಿ ತೀರಿಹೋದವರ ಹೆಸರನ್ನು ಮೆಲ್ಲಗೆ ಹೇಳುತ್ತಾರೆ. ಸೂಜಿ ಕೆಟ್ಟಿದೆಯೆಂದು ಯಾರೂ ಬದಲಿಸಲು ಹೋಗುವುದಿಲ್ಲ. ಇನ್ನೂ ಯಾರನ್ನೂ ಕಳೆದುಕೊಳ್ಳದ ಪುಣ್ಯವಂತರು ವೆಲಿಬೋರನ ಹೆಸರು ಹೇಳುತ್ತಾರೆ.