ಕೂಗಿದರೆ ಬಾರದ ಊರು

"ಗುರುಗಳೇ, ಒಬ್ಬನನ್ನು ಕರೆದೆ. ಅವನು ಬರಲಿಲ್ಲ. ಕರೆದ ಮೇಲೆ ನನ್ನ ಕೆಲಸ ಮುಗಿಯಿತಲ್ಲವೇ?"

ಹೀಗೆ ಕೇಳಿದವನು ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ಶಿಷ್ಯ ಕೊಟ್ರಯ್ಯ. ಅವನ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಪಂಕ್ತಿಯಲ್ಲಿ ಎಲ್ಲರ ಊಟ ಮುಗಿದು ಒಂದು ಎಲೆ ಮಾತ್ರ ಖಾಲಿ ಉಳಿದಿತ್ತು. ಅದು ಹಾಲಯ್ಯನ ಎಲೆ. ಹಾಲಯ್ಯ, ಕೊಟ್ರಯ್ಯ ಇಬ್ಬರೂ ಒಂದೇ ದಿನ ಮಠಕ್ಕೆ ಸೇರಿದವರು, ಒಂದೇ ಚಾಪೆಯ ಮೇಲೆ ಮಲಗುವವರು. ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹಾಲಯ್ಯ ಹೇಳಿದ್ದ. ನಿನ್ನ ನಾಲಿಗೆಯೇ ನೆಟ್ಟಗಿಲ್ಲ ಎಂದು ಕೊಟ್ರಯ್ಯ ಹೇಳಿದ್ದ. ಮಾತಿಗೆ ಮಾತು ಬೆಳೆದು, ಹಾಲಯ್ಯ ಎದ್ದು ಹೋಗಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತವನು ಮತ್ತೆ ಊಟಕ್ಕೆ ಬಂದಿರಲಿಲ್ಲ.

ಗುರುಗಳು ನಕ್ಕರು. "ಉಪ್ಪಿಗಿಂತ ರುಚಿಯಿಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ಉಪ್ಪಿಗಿಂತ ಜಗಳವಿಲ್ಲ ಎಂದು ತೋರಿಸಿಕೊಟ್ಟವರು ನೀವಿಬ್ಬರೇ. ಕೂತುಕೋ. ಕಡಲಿನ ನಡುವಿನ ಒಂದು ಊರಿನ ಕತೆ ಹೇಳುತ್ತೇನೆ. ಅಲ್ಲಿಯ ಜನ ನಿಮಗಿಂತ ಬಿಗುಮಾನದವರು."

ಕೊಟ್ರಯ್ಯ ಕೂತ. ಗುರುಗಳು ಹೇಳತೊಡಗಿದರು.

ಕಡಲಿನ ನಡುವೆ ಕೆಲವು ದ್ವೀಪಗಳಿದ್ದವು. ಎಲ್ಲ ದ್ವೀಪಗಳಲ್ಲೂ ಒಂದೇ ಜನ, ಒಂದೇ ಪದ್ಧತಿ. ಅವರಲ್ಲಿ ಬಡತನವಿತ್ತು, ಬಿಗುಮಾನ ಅದಕ್ಕಿಂತ ಹೆಚ್ಚಾಗಿತ್ತು. ಕರೆದ ಕೂಡಲೇ ಇನ್ನೊಬ್ಬರ ಮನೆಗೆ ಊಟಕ್ಕೆ ಹೋದರೆ, ಹಸಿದು ಬಂದ ಎನ್ನುತ್ತಾರಲ್ಲ, ಆ ಮಾತಿಗೆ ಅವರು ಬಹಳ ಅಂಜುತ್ತಿದ್ದರು. ಅದಕ್ಕಾಗಿ ಒಂದು ಕ್ರಮ ಮಾಡಿಕೊಂಡಿದ್ದರು. ಕರೆಯುವವರು ತಮ್ಮ ಬಾಗಿಲಲ್ಲಿ ನಿಂತು "ಬನ್ನೀ" ಎಂದು ಕೂಗಬೇಕು. ಕೇಳಿದವರು ಕೂತಲ್ಲಿಂದ ಏಳಬಾರದು. ಆಮೇಲೆ ಕರೆಯುವವರು ಆ ಮನೆಯ ಬಾಗಿಲಿಗೇ ಹೋಗಿ ಕೈ ಹಿಡಿದು ಎಳೆಯಬೇಕು. ಆಗ ಅವರು "ಬೇಡ, ಬೇಡ, ಈಗಷ್ಟೇ ಉಂಡೆ" ಎನ್ನುತ್ತ ಎದ್ದು ಬರಬೇಕು. ಎಲೆಯ ಮುಂದೆ ಕೂರಿಸುವ ತನಕ ಹಿಡಿದ ಕೈ ಬಿಡುವಂತಿರಲಿಲ್ಲ. ಎಳೆಸಿಕೊಂಡು ಹೊರಟವರು ದಾರಿಯಲ್ಲಿ ಪಕ್ಕದ ಮನೆಯವರ ಕೈಯನ್ನೂ ಹಿಡಿದು ಎಳೆಯಬಹುದಿತ್ತು. ಹೀಗಾಗಿ ಯಾರದಾದರೂ ಮನೆಯಲ್ಲಿ ಹಬ್ಬದ ಅಡುಗೆಯಾದರೆ ಇಡೀ ಕೇರಿ ಕೈ ಕೈ ಹಿಡಿದು, "ಬೇಡ, ಬೇಡ" ಎಂದು ಗೋಳಾಡುತ್ತ, ಹೊಟ್ಟೆ ತುಂಬ ಉಣ್ಣಲು ಹೋಗುತ್ತಿತ್ತು.

ಒಮ್ಮೆ ಒಬ್ಬ ಮೀನುಗಾರ ಬರಿಯ ಕೂಗಿಗೆ ಎದ್ದು ಹೋದ. ಪಾಪ, ಅವನಿಗೆ ನಿಜಕ್ಕೂ ಹಸಿವಾಗಿತ್ತು. ಸಾಯುವ ತನಕ ಅವನನ್ನು 'ಕೂಗಿಗೆ ಬಂದವ' ಎಂದೇ ಕರೆದರು. ಅವನ ಮೊಮ್ಮಕ್ಕಳಿಗೂ ಆ ಹೆಸರು ತಪ್ಪಲಿಲ್ಲ. ನಗಬೇಡ ಕೊಟ್ರಯ್ಯ, ನಮ್ಮ ನಮ್ಮ ಊರಿನ ಹುಚ್ಚು ನಮಗೆ ಕಾಣುವುದಿಲ್ಲ.

ಆ ದ್ವೀಪಗಳಲ್ಲಿ ಒಂದರಲ್ಲಿ ಅಕ್ಕತಂಗಿಯರಿದ್ದರು. ತಾಯಿ ಬೇಗ ಹೋಗಿದ್ದಳು. ತಂಗಿಗೆ ಉಣಿಸಿದವಳು, ತಲೆ ಬಾಚಿದವಳು, ಬೈದವಳು, ಮದುವೆ ಮಾಡಿದವಳು ಎಲ್ಲ ಅಕ್ಕನೇ. ಅಕ್ಕನ ಮನೆ ಕೇರಿಯ ಕೊನೆಯಲ್ಲಿ, ನೀರಿಗೆ ತೀರ ಹತ್ತಿರ ಇತ್ತು. ಅವಳು ಮೀನಿಗೆ ಉಪ್ಪು ಹಾಕಿ ಒಣಗಿಸುತ್ತಿದ್ದಳು. ತಂಗಿಯನ್ನು ಕೊಟ್ಟ ಮನೆ ಗುಡ್ಡದ ಮೇಲಿತ್ತು. ಅಲ್ಲಿ ಗೆಣಸು ಬೆಳೆಯುತ್ತಿದ್ದರು.

ತಂಗಿಯ ಮಗುವಿಗೆ ಮೊದಲ ಅನ್ನ ಉಣಿಸುವ ದಿನ ಬಂತು. ಮನೆ ತುಂಬ ನೆಂಟರು, ಒಲೆಯ ಮೇಲೆ ಅಡುಗೆ, ಸೊಂಟದಲ್ಲಿ ಅಳುವ ಮಗು. ಅವಳು ಗುಡ್ಡದ ಅಂಚಿಗೆ ಬಂದು "ಅಕ್ಕಾ, ಬಾ" ಎಂದು ಕೂಗಿದಳು. ಕೂಗಿ ಒಳಗೆ ಹೋದಳು. ನನ್ನ ಅಕ್ಕನೇ ಅಲ್ಲವೇ, ಅವಳಿಗೂ ಕೈ ಹಿಡಿಯಬೇಕೇ ಎಂದುಕೊಂಡಳು.

ಕೆಳಗೆ ಅಕ್ಕ ಮಿಂದು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಹೊಸ್ತಿಲ ಮೇಲೆ ಕೂತಿದ್ದಳು. ಕೈ ಹಿಡಿಯಲು ಯಾರೂ ಬರಲಿಲ್ಲ. ಮೇಲೆ ಊಟ ಮುಗಿಯಿತು. ಎಲ್ಲರೂ ಇಳಿದು ಬಂದರು. ಅವಳು ಒಳಗೆ ಹೋಗಿ ಸೀರೆ ಬದಲಿಸಿದಳು.

ಮರುದಿನ ಮಾತು ಗುಡ್ಡ ಹತ್ತಿತು, ಮಾತು ಗುಡ್ಡ ಇಳಿಯಿತು. "ನಾನು ಕರೆದೆ. ಊರಿಗೆಲ್ಲ ಕೇಳಿಸಿದೆ" ಎಂದು ತಂಗಿ ಹೇಳಿ ಕಳಿಸಿದಳು. "ಕಾಗೆಯನ್ನೂ ಹಾಗೇ ಕರೀತಾರೆ" ಎಂದು ಅಕ್ಕ ಹೇಳಿ ಕಳಿಸಿದಳು. ಅಲ್ಲಿಗೆ ಇಬ್ಬರ ಮಾತು ನಿಂತಿತು. ಮಗು ನಡೆಯುವುದನ್ನು ಕಲಿಯಿತು, ಓಡುವುದನ್ನು ಕಲಿಯಿತು. ದೊಡ್ಡಮ್ಮ ಎಂದರೆ ಯಾರೆಂದು ಅದಕ್ಕೆ ಗೊತ್ತಾಗಲಿಲ್ಲ.

ಆದರೂ ಒಂದು ಮಾತು ಹೇಳಬೇಕು. ಗುಡ್ಡಕ್ಕೆ ಹೋಗುವವರು ಸಿಕ್ಕಾಗಲೆಲ್ಲ ಅಕ್ಕ ಒಂದು ಕಟ್ಟು ಒಣಮೀನು ಕೊಟ್ಟು, ಯಾರು ಕೊಟ್ಟರೆಂದು ಹೇಳಬೇಡಿ ಎನ್ನುತ್ತಿದ್ದಳು. ತಂಗಿ ಒಂದು ತುಣುಕು ಬಾಯಿಗೆ ಹಾಕಿಕೊಂಡರೆ ಸಾಕು, ಯಾರ ಕೈಯ ಉಪ್ಪು ಎಂದು ಅವಳಿಗೆ ತಿಳಿಯುತ್ತಿತ್ತು. ಅವಳೂ ಒಳ್ಳೊಳ್ಳೆಯ ಗೆಣಸು ಆರಿಸಿ, ಹೆಸರು ಹೇಳದೆ ಕೆಳಗೆ ಕಳಿಸುತ್ತಿದ್ದಳು. ತಂದುಕೊಡುವವರು ಎರಡೂ ಕಡೆ ಏನೂ ಗೊತ್ತಿಲ್ಲದ ಮುಖ ಮಾಡುತ್ತಿದ್ದರು. ಇಷ್ಟು ಪ್ರೀತಿ ಇಟ್ಟುಕೊಂಡು ಅದೆಷ್ಟು ಹಟ! ನೆನೆದರೆ ನನಗೆ ಇಬ್ಬರ ಕಿವಿಯನ್ನೂ ಹಿಂಡಬೇಕು ಎನಿಸುತ್ತದೆ.

ಒಂದು ಮುಂಜಾನೆ ಕಡಲಿನ ಅಡಿಯಲ್ಲಿ ಭೂಮಿ ನಡುಗಿತು. ದ್ವೀಪವೂ ನಡುಗಿತು. ನೆಲುವಿನಲ್ಲಿದ್ದ ಮಡಕೆಗಳು ಉರುಳಿದವು. ಕೇರಿಯ ಜನ ಹೊರಗೆ ಓಡಿ ಬಂದರು. ನಡುಕ ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ಒಡೆಯದ ಮಡಕೆಗಳನ್ನು ಎತ್ತಿಟ್ಟರು. ಆಮೇಲೆ ಕಡಲು ಹಿಂದೆ ಸರಿಯಿತು. ಇಳಿತದ ದಿನಗಳಲ್ಲಿ ಸರಿಯುತ್ತದಲ್ಲ, ಹಾಗೆಯೇ ಎಂದುಕೊಂಡರು. ಕೆಲವು ಗಂಡಸರು ಬುಟ್ಟಿ ಹಿಡಿದು ಬರಿದಾದ ಮರಳಿನಲ್ಲಿ ಮೀನು ಹೆಕ್ಕಲು ಹೋದರು.

ಗುಡ್ಡದ ಮೇಲಿದ್ದ ತಂಗಿಗೆ ಕೆಳಗಿನವರಿಗೆ ಕಾಣದ್ದು ಕಂಡಿತು. ಯಾವ ಇಳಿತದಲ್ಲೂ ಹೊರಗೆ ಕಾಣದಿದ್ದ ಕರಿಬಂಡೆಗಳು ಬುಡದ ತನಕ ಕಾಣುತ್ತಿದ್ದವು. ಇಷ್ಟು ದೂರ ಹೋದ ನೀರು ಸುಮ್ಮನೆ ತಿರುಗಿ ಬರುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅಂಚಿಗೆ ಓಡಿ ಬಂದು, ಇದ್ದ ಉಸಿರನ್ನೆಲ್ಲ ಹಾಕಿ, "ಬನ್ನೀ, ಮೇಲೆ ಬನ್ನೀ" ಎಂದು ಕೂಗಿದಳು.

ಕೇರಿಗೆ ಕೂಗು ಕೇಳಿಸಿತು. ಜನ ತಲೆ ಎತ್ತಿ ನೋಡಿದರು. "ಏನೋ ವಿಶೇಷ ಮಾಡಿದ್ದಾಳೆ" ಎಂದ ಒಬ್ಬ. "ಇಳಿದು ಬರಲಿ ಬಿಡು" ಎಂದಳು ಒಬ್ಬಳು. ಒಬ್ಬ ಮುದುಕ ದೂರದಿಂದಲೇ ಹೊಟ್ಟೆ ತಟ್ಟಿ ತೋರಿಸಿದ. ನಮ್ಮದು ಆಯಿತು ಎಂದು ಅದರ ಅರ್ಥ. ಒಬ್ಬರೂ ಏಳಲಿಲ್ಲ. ಕೂಗಿಗೆ ಬಂದವ ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ತಂಗಿ ಒಂದು ಕ್ಷಣ ನಿಂತಳು. ಆಮೇಲೆ ಮಗುವನ್ನು ಅತ್ತೆಯ ಕೈಗೆ ಕೊಟ್ಟಳು.

"ಎಲ್ಲಿಗೆ ಹೊರಟೆ?" ಎಂದಳು ಅತ್ತೆ.

"ಊಟಕ್ಕೆ ಕರೆಯೋದಿದೆ" ಎಂದಳು ತಂಗಿ. ಸೆರಗು ಸಿಕ್ಕಿಸಿ ಓಡಿದಳು.

ಗುಡ್ಡ ದೊಡ್ಡದಲ್ಲ. ಬಿದ್ದಳು, ಎದ್ದಳು, ಇಳಿದಳು. ಮೊದಲ ಮನೆಯ ಮುದುಕನ ಕೈ ಹಿಡಿದು ಎಳೆದಳು. "ಬೇಡಮ್ಮಾ, ಈಗಷ್ಟೇ ಉಂಡೆ" ಎಂದು ಅವನು ಸಂತೋಷದಿಂದ ಎದ್ದ. "ಪಕ್ಕದವರ ಕೈ ಹಿಡಿ, ಓಡು" ಎಂದಳು. ಅವಳ ಮುಖ ನೋಡಿ ಅವನ ನಗು ನಿಂತಿತು. ಆದರೆ ಹಿಡಿದ ಕೈಗೆ ಅವನು ಎದುರಾಡುವಂತಿರಲಿಲ್ಲ. ಪಕ್ಕದ ಮನೆಯವಳ ಕೈಯನ್ನು ಅವನು ಹಿಡಿದ, ಅವಳು ಗಂಡನ ಕೈ ಹಿಡಿದಳು, ಗಂಡ ಮಕ್ಕಳನ್ನು ಎತ್ತಿಕೊಂಡ. ತಂಗಿ ಮುಂದಿನ ಮನೆಗೆ, ಅದರ ಮುಂದಿನ ಮನೆಗೆ ಓಡಿದಳು. ಹಿಡಿದ ಕೈಯನ್ನು ಅವಳು ತನ್ನ ಜನ್ಮದಲ್ಲಿ ಮೊದಲ ಸಲ ಬಿಟ್ಟು ಬಿಟ್ಟು ಓಡಿದಳು. ಕೇರಿ ಗುಡ್ಡ ಹತ್ತತೊಡಗಿತು. ಕಾರಣ ತಿಳಿಯದಿದ್ದರೂ ನಾಲಿಗೆಗೆ ಅಭ್ಯಾಸವಾಗಿತ್ತು ನೋಡು, "ಬೇಡ, ಬೇಡ" ಎನ್ನುತ್ತಲೇ ಹತ್ತಿದರು.

ಕೊನೆಗೆ ಅಕ್ಕನ ಮನೆ ಉಳಿಯಿತು. ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಹಿಂದೆ, ದೂರದಲ್ಲಿ, ಕಡಲು ಎದ್ದು ಬರುತ್ತಿತ್ತು.

"ಅಕ್ಕಾ, ನಾನು ಕೂಗಿದ್ದು ಕೇಳಿಸಲಿಲ್ವೇನೇ?"

"ಎಲ್ಲರಿಗಿಂತ ಮೊದಲು ನನಗೇ ಕೇಳಿಸ್ತು. ಈ ಸಲವಾದ್ರೂ ಬರ್ತೀಯೇನೋ ಅಂತ ಕೂತಿದ್ದೆ."

ತಂಗಿ ಅವಳ ಕೈ ಹಿಡಿದಳು. ಅಕ್ಕ ಅಳುತ್ತ "ಬೇಡ, ಬೇಡ" ಎಂದಳು. "ಅದನ್ನ ಗುಡ್ಡದ ಮೇಲೆ ಬಂದು ಹೇಳು" ಎಂದು ತಂಗಿ ಗದರಿ ಎಳೆದಳು. ಚಿಕ್ಕವಳಿದ್ದಾಗ ಅಕ್ಕ ತನ್ನನ್ನು ಗದರಿದ್ದು ಹೀಗೆಯೇ ಎಂದು ಓಡುವಾಗ ಅವಳಿಗೆ ನೆನಪಾಯಿತಂತೆ. ಗುಡ್ಡದ ಬುಡ ಮುಟ್ಟುವಾಗ ನೀರು ಕಾಲಿಗೆ ಬಂತು. ನಾಲ್ಕು ಹೆಜ್ಜೆ ಹತ್ತುವುದರಲ್ಲಿ ಸೊಂಟಕ್ಕೆ ಬಂತು. ಅಕ್ಕನ ಕಾಲು ನೆಲ ಬಿಟ್ಟಿತು.

"ಬಿಟ್ಟುಬಿಡೇ, ನಿನ್ನ ಮಗು ಇದೆ" ಎಂದಳು ಅಕ್ಕ.

"ಎಲೆ ಹಾಕೋ ತನಕ ಬಿಡೋ ಹಾಗಿಲ್ಲ" ಎಂದಳು ತಂಗಿ.

ಮೇಲೆ ನಿಂತಿದ್ದ ಮುದುಕ ಅವಳ ಇನ್ನೊಂದು ಕೈಗೆ ತನ್ನ ಕೈ ಕೊಟ್ಟ. ಅವನನ್ನು ಅವನ ಹಿಂದಿನವರು ಹಿಡಿದರು, ಅವರನ್ನು ಅವರ ಹಿಂದಿನವರು. ಕೇರಿಗೆ ಕೇರಿಯೇ ಸೇರಿ ಇಬ್ಬರನ್ನೂ ಮೇಲಕ್ಕೆ ಎಳೆದುಕೊಂಡಿತು. ಕೆಳಗೆ ಒಂದು ಮನೆಯೂ ಉಳಿಯಲಿಲ್ಲ.

ಎಲ್ಲರೂ ಉಳಿದರು ಎಂದು ಹೇಳಿದರೆ ನಿನಗೆ ಸಮಾಧಾನವಾದೀತು. ನಾನು ಹಾಗೆ ಹೇಳಲಾರೆ. ಮೀನು ಹೆಕ್ಕಲು ಹೋದ ಗಂಡಸರ ಬಳಿಗೆ ಹೋಗಲು ಹೊತ್ತಿರಲಿಲ್ಲ. ಅವರು ಮರಳಲಿಲ್ಲ. ಗುಡ್ಡದ ಮೇಲೆ ಆ ದಿನ ಅಳು ಬಹಳವಿತ್ತು. ಆ ಅಳುವಿನ ನಡುವೆಯೇ ಅತ್ತೆ ಗೆಣಸು ಬೇಯಿಸಿದಳು. ಬಂದವರಿಗೆಲ್ಲ ಎಲೆ ಹಾಕಿದಳು. ಅಕ್ಕನ ಮುಂದೆ ಎಲೆ ಬರುವ ತನಕ ತಂಗಿ ಕೈ ಬಿಡಲಿಲ್ಲ. ಮಗು ಬಂದು ಅಕ್ಕನ ತೊಡೆಯ ಮೇಲೆ, ಕೇಳದೆ, ಹೇಳದೆ ಕೂತಿತು. ಅಕ್ಕನ ಮಣಿಕಟ್ಟಿನಲ್ಲಿ ತಂಗಿಯ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಅದು ಮಾಸುವ ತನಕ ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು. "ನೋಡಿ, ಹೇಗೆ ಎಳೆದಿದ್ದಾಳೆ, ಪಾಪಿ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಎಷ್ಟು ಹೆಮ್ಮೆಯಿತ್ತೆಂದು ನಾನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ದ್ವೀಪದಲ್ಲೂ ಒಂದು ಗುಡ್ಡವಿತ್ತು. ಅಲ್ಲಿಯೂ ಒಬ್ಬ ಮೇಕೆ ಮೇಯಿಸುವವನು ಕಡಲನ್ನು ಕಂಡ. ಅವನೂ ಕೂಗಿದ. ಗಂಟಲು ಒಡೆಯುವ ತನಕ ಕೂಗಿದ. ಕೆಳಗಿನವರು ಕೈ ಬೀಸಿದರು, ಹೊಟ್ಟೆ ತಟ್ಟಿ ತೋರಿಸಿದರು, ಕೂತೇ ಇದ್ದರು. ಅವನೊಬ್ಬ ಉಳಿದ. ಆಮೇಲೆ ಅವನು ಈ ದ್ವೀಪಕ್ಕೆ ಬಂದು ಸೇರಿದ. ಸಿಕ್ಕಿದವರಿಗೆಲ್ಲ, "ನಾನು ಕರೆದೆ, ನಾನು ಕರೆದೆ" ಎನ್ನುತ್ತಿದ್ದ. ಅದು ನಿಜ. ಯಾರೂ ಅವನನ್ನು ದೂರಲಿಲ್ಲ. ಅಕ್ಕತಂಗಿಯರು ಅವನನ್ನು ದಿನವೂ ಕೈ ಹಿಡಿದು ಊಟಕ್ಕೆ ಕರೆದೊಯ್ಯುತ್ತಿದ್ದರು. ಆದರೆ ಅವನು ಎಲೆಯ ಮುಂದೆ ಕೂತೂ ಅದೇ ಮಾತು ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಕಣ್ಣೊರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಮತ್ತೆ ವಾದ ಹೊಳೆಯಿತು.

"ಗುರುಗಳೇ, ಆ ಪದ್ಧತಿಯೇ ತಪ್ಪಲ್ಲವೇ? ಕರೆದಾಗ ಎದ್ದು ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಹೊಸ್ತಿಲ ಮೇಲೆ ಕೂತೇ ಇದ್ದ ಆ ಅಕ್ಕನದೂ ತಪ್ಪೇ."

"ತಪ್ಪೇ" ಎಂದರು ಗುರುಗಳು. "ಹುಚ್ಚು ಪದ್ಧತಿ, ಹುಚ್ಚು ಅಕ್ಕ. ಆ ಊರಿನವರೂ ಆಮೇಲೆ ಅದನ್ನು ಬದಲಿಸಿದರು. ಈಗ ಗುಡ್ಡದ ಮೇಲಿಂದ ಯಾರು ಕೂಗಿದರೂ ಎಲ್ಲರೂ ಎದ್ದು ಓಡುತ್ತಾರಂತೆ. ಮಕ್ಕಳು ಬೇಕೆಂದೇ ಕೂಗಿ ಮುದುಕರನ್ನು ಓಡಿಸುತ್ತಾರಂತೆ. ಯಾರೂ ಬೈಯುವುದಿಲ್ಲವಂತೆ."

ಕೊಟ್ರಯ್ಯನಿಗೆ ನಗು ಬಂತು. ತನ್ನ ಮಾತು ಗೆದ್ದಿತೆಂದುಕೊಂಡ. ಗುರುಗಳು ಅವನ ಕೈಯಲ್ಲಿದ್ದ ಸೌಟನ್ನು ನೋಡಿದರು, ಆಮೇಲೆ ಅಂಗಳದಾಚೆಯ ಕೊಟ್ಟಿಗೆಯ ಕಡೆ ನೋಡಿದರು.

"ಅದಿರಲಿ ಕಣಪ್ಪ, ಹಾಲಯ್ಯನನ್ನು ನೀನು ಎಲ್ಲಿ ನಿಂತು ಕರೆದೆ?"

ಕೊಟ್ರಯ್ಯ ಸೌಟು ಕೆಳಗಿಟ್ಟು ಕೊಟ್ಟಿಗೆಯ ಕಡೆ ನಡೆದ.