ತಿಪ್ಪಕ್ಕ ಕೂಗದ ದಿನ

ನಮ್ಮ ಬೀದಿಗೆ ಬೆಳಗಾಗುವುದೇ ಸೊಪ್ಪಿನ ತಿಪ್ಪಕ್ಕನ ಕೂಗಿನಿಂದ. "ದಂಟೂ... ಮೆಂತ್ಯೇ... ಸಬ್ಬಸ್ಗೇ!" ಇಪ್ಪತ್ತು ವರ್ಷದಿಂದ ಅದೇ ಬುಟ್ಟಿ, ಅದೇ ರಾಗ.

ಮೊನ್ನೆ ಚಿದಾನಂದಪ್ಪ ತನ್ನ ಮನೆಯ ಕೆಳಗೆ ಎಸಿ ಹಾಕಿಸಿ ತರಕಾರಿ ಅಂಗಡಿ ತೆರೆದ. ಮಾರನೇ ದಿನವೇ ತಿಪ್ಪಕ್ಕನನ್ನು ತಡೆದ.

"ಮಾರ್ಕೆಟಿಂಗ್ ಅಂದ್ರೆ ಗಂಟಲು ಹರ್ಕೊಳ್ಳೋದಲ್ಲಮ್ಮ. ಇನ್ನು ಈ ಬೀದೀಲಿ ನಿನ್ನ ದನಿ ಕೇಳಿಸ್ತೋ, ಪುರಸಭೆಗೆ ಹೇಳಿ ಬುಟ್ಟಿ ಎತ್ತಿಸ್ತೀನಿ!"

"ಆಗಲಿ ಸ್ವಾಮಿ, ತುಟಿ ಪಿಟಕ್ ಅನ್ನಲ್ಲ" ಅಂದಳು ತಿಪ್ಪಕ್ಕ.

ಮರುದಿನ ಕೊರಳಿಗೆ ಹಳೇ ಮಫ್ಲರ್ ಸುತ್ತಿಕೊಂಡು ಬಂದಳು. ಎಸಿ ಅಂಗಡಿಯ ಎದುರಿಗೇ ಬುಟ್ಟಿ ಇಳಿಸಿ ಸುಮ್ಮನೆ ಕೂತಳು.

ಎಂಟು ಗಂಟೆಯಾದರೂ ಕೂಗಿಲ್ಲ. ಒಂದೊಂದೇ ಬಾಗಿಲು ತೆರೆಯಿತು. "ಯಾಕೆ ತಿಪ್ಪಕ್ಕ, ಗಂಟಲು ಕಟ್ಟಿದೆಯಾ?" ಮೇಷ್ಟ್ರ ಹೆಂಡತಿ ಬಿಸಿನೀರು ತಂದರು. ಇನ್ಯಾರೋ ಕಲ್ಲುಸಕ್ಕರೆ ತಂದರು. ತಿಪ್ಪಕ್ಕ ಅಂಗಡಿಯತ್ತ ಕೈ ತೋರಿಸಿ, ತುಟಿಯ ಮೇಲೆ ಬೆರಳಿಟ್ಟಳು. ಅಷ್ಟೇ. ಬಂದವರು ಬರಿಗೈಲಿ ಹೋಗುವುದುಂಟೇ? ಎಲ್ಲರೂ ಒಂದೆರಡು ಕಟ್ಟು ಸೊಪ್ಪು ಕೊಂಡರು.

ಕೊನೆಗೆ ಮಹಡಿಯಿಂದ ಲೋಟ ಹಿಡಿದು ಮೆಲ್ಲಗೆ ಇಳಿದು ಬಂದವರು ಚಿದಾನಂದಪ್ಪನ ತಾಯಿ.

"ಮೆಣಸಿನ ಕಷಾಯ, ಕುಡಿಯೇ ತಿಪ್ಪಕ್ಕ. ನೀನು ಕೂಗಿದಾಗಲೇ ಅಲ್ವಾ ನಾನು ಬೆಳಗಿನ ಮಾತ್ರೆ ತಗೊಳ್ಳೋದು? ಇವತ್ತು ಮರೆತೇಹೋಯ್ತು."

ಬಾಗಿಲಲ್ಲಿ ನಿಂತಿದ್ದ ಚಿದಾನಂದಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ತಪ್ಪಾಯ್ತು ಕಣಮ್ಮ. ಕೂಗು."

ತಿಪ್ಪಕ್ಕ ಕಷಾಯ ಮುಗಿಸಿ, ಖಾಲಿ ಬುಟ್ಟಿ ಕಂಕುಳಿಗೇರಿಸಿದಳು.

"ಇವತ್ತು ಕೂಗೋಕೆ ಸೊಪ್ಪೇ ಉಳಿದಿಲ್ಲ ಸ್ವಾಮಿ. ನಾಳೆ ಅಮ್ಮನ ಮಾತ್ರೆ ಹೊತ್ತಿಗೆ ಸರಿಯಾಗಿ ಕೂಗ್ತೀನಿ."